ಗೋಪಿನಾಥಂಗೆ ಸರ್ಕಾರ ಬರುವ ದಾರಿ

ಮಲೆ ಮಹದೇಶ್ವರ ಬೆಟ್ಟ ಬಿಟ್ಟು ಪಾಲಾರ್ ಕಡೆ ಹೊರಟರೆ ರಸ್ತೆ ತಿರುವಿನ ಮೇಲೆ ತಿರುವು ಹಾಕುತ್ತ ಕೆಳಗೆ ಇಳಿಯುತ್ತಲೇ ಹೋಗುತ್ತದೆ. ಬೆಟ್ಟದ ತಂಪು ಅರ್ಧ ದಾರಿಗೇ ಮುಗಿಯುತ್ತದೆ. ಆಮೇಲೆ ಕುರುಚಲು ಕಾಡು, ಕಾದ ಬಂಡೆ, ನೀರು ಬತ್ತಿದ ಹಳ್ಳದ ಮರಳು, ನಡುನಡುವೆ ಒಂದೊಂದು ಹುಣಸೆ ಮರ. ಪಾಲಾರ್ ಸೇತುವೆಯ ಆಚೆಗೆ ತಮಿಳುನಾಡು. ಮೆಟ್ಟೂರು ಅಣೆಕಟ್ಟೆ ತುಂಬಿದ ವರ್ಷ ಅದರ ಹಿನ್ನೀರು ಇಲ್ಲಿಯ ತನಕ ಬಂದು ನಿಲ್ಲುವುದುಂಟು. ಕೊಳತ್ತೂರಿಗೋ ಮೆಟ್ಟೂರಿಗೋ ಹೋಗುವವರು ಸೇತುವೆ ದಾಟುತ್ತಾರೆ. ಗೋಪಿನಾಥಂಗೆ ಹೋಗುವವರು ದಾಟುವುದಿಲ್ಲ. ಸೇತುವೆಗೆ ಮೊದಲೇ ಎಡಕ್ಕೆ ಹೊರಳಿ ಕಾಡಿನೊಳಗಿನ ರಸ್ತೆ ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಕೇಳುವ ಮಾತೆಲ್ಲ ಹೆಚ್ಚುಕಮ್ಮಿ ತಮಿಳು. ಬಸ್ಸಿನ ಮುಂದಿನ ಬೋರ್ಡು ಮಾತ್ರ ಕನ್ನಡ.

ಕಾಡು ಸರಿದು ಬಯಲು ಕಾಣಿಸಿದಾಗ ಊರು ಬಂತೆಂದು ತಿಳಿಯಬೇಕು. ಸುತ್ತ ಗುಡ್ಡಗಳ ಕೋಟೆ, ಒಂದು ಮಗ್ಗುಲಿಗೆ ಚಿಕ್ಕ ಜಲಾಶಯ, ಹೆಂಚಿನ ಮನೆಗಳ ನಡುವೆ ಸರ್ಕಾರಿ ಯೋಜನೆಯಲ್ಲಿ ಕಟ್ಟಿದ ತಾರಸಿ ಮನೆಗಳು, ಮಾರಿಯಮ್ಮನ ಗುಡಿ, ಶಾಲೆ, ಅರಣ್ಯ ಇಲಾಖೆಯ ಕಟ್ಟಡಗಳು. ಹಾದಿಗೆ ಅಡ್ಡ ಬರುವ ಮೇಕೆಗಳು ಹಾರನ್ನಿಗೆ ಜಗ್ಗುವುದಿಲ್ಲ. ರಸ್ತೆ ಇಲ್ಲಿಗೆ ನಿಲ್ಲದೆ ಮತ್ತೆ ಕಾಡು ಹೊಕ್ಕು ಹದಿನೈದು ಕಿಲೋಮೀಟರಿನಷ್ಟು ಮುಂದಕ್ಕೆ, ಹೊಗೇನಕಲ್ಲಿನ ಕಾವೇರಿಯ ತನಕ ಹೋಗುತ್ತದೆ. ಪುದೂರು, ಆಲಂಬಾಡಿ, ಮಾರಿಕೊಟ್ಟಾಯಿ ಮೊದಲಾದ ಊರುಗಳಿಗೂ ಗೋಪಿನಾಥಂನಲ್ಲೇ ಪಂಚಾಯಿತಿ. ಆಲಂಬಾಡಿ ಎಂದರೆ ದನ ಸಾಕುವವರಿಗೆ ಗೊತ್ತು. ಉಳುಮೆಗೆ ಹೆಸರಾದ ಆಲಂಬಾಡಿ ತಳಿಯ ಎತ್ತುಗಳ ಹೆಸರು ಅಲ್ಲಿಂದಲೇ ಬಂದದ್ದು.

ಜಿಲ್ಲಾ ಕೇಂದ್ರ ಚಾಮರಾಜನಗರ ಇಲ್ಲಿಂದ ಸುಮಾರು 150 ಕಿಲೋಮೀಟರ್. ತಮಿಳುನಾಡಿನ ಮೆಟ್ಟೂರು ಅದಕ್ಕಿಂತ ಎಷ್ಟೋ ಹತ್ತಿರ. ಮಗುವಿಗೆ ಜ್ವರ ಏರಿದಾಗ, ಹೆರಿಗೆ ನೋವು ಬಂದಾಗ ಈ ಅಂತರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಸಂತೆ, ಆಸ್ಪತ್ರೆ, ಕೂಲಿ, ಮದುವೆ ಸಂಬಂಧ ಎಲ್ಲ ಗಡಿಯಾಚೆಗೆ ಎಳೆಯುತ್ತವೆ. ರೇಷನ್ ಕಾರ್ಡು, ಪಹಣಿ, ಜಾತಿ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು ಗಡಿಯೀಚೆಗೆ ಎಳೆಯುತ್ತವೆ. 2023ರ ಜೂನ್‌ನಿಂದ ಹೆಂಗಸರಿಗೆ ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲವಾದ ಮೇಲೆ ಬೆಟ್ಟ, ಹನೂರು, ಕೊಳ್ಳೇಗಾಲ ಒಂದಿಷ್ಟು ಹತ್ತಿರ ಬಂದಿವೆ. ಗಂಡಸರು ಮಾತ್ರ ಈಗಲೂ ಈರೋಡು, ತಿರುಪ್ಪೂರು, ಕೊಯಮತ್ತೂರಿನ ಕಡೆಗೇ ದುಡಿಮೆಗೆ ಹೋಗುತ್ತಾರೆ. ಒಂದೇ ಮನೆಯಲ್ಲಿ ಹೆಂಡತಿಯ ಬಸ್ಸು ಉತ್ತರಕ್ಕೆ, ಗಂಡನ ಬಸ್ಸು ದಕ್ಷಿಣಕ್ಕೆ.

ಇದು ಇಂದು ನಿನ್ನೆಯ ಎಳೆದಾಟವಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಅದು ಮೈಸೂರಿಗೆ ಬಂತು. 1997ರಲ್ಲಿ ಮೈಸೂರು ಜಿಲ್ಲೆ ಒಡೆದು ಚಾಮರಾಜನಗರ ಆಯಿತು. ಎರಡು ದಶಕ ಕಳೆದು ಕೊಳ್ಳೇಗಾಲ ಒಡೆದು ಹನೂರು ತಾಲ್ಲೂಕಾಯಿತು. ಗೋಪಿನಾಥಂನ ಮುದುಕರು ತಾವು ಹುಟ್ಟಿದ ಮನೆಯಿಂದ ಕದಲದೆ ಎರಡು ರಾಜ್ಯ, ಮೂರು ಜಿಲ್ಲೆ, ಎರಡು ತಾಲ್ಲೂಕು ಕಂಡವರು. ಇಷ್ಟೆಲ್ಲ ಆದರೂ ತಾಲ್ಲೂಕು ಕಚೇರಿಯ ದಾರಿ ಕಡಿಮೆಯಾದದ್ದು ಅದು ಹನೂರಿಗೆ ಬಂದಾಗಲೇ. ಒಂದು ರುಜುವಿಗಾಗಿ ಕೊಳ್ಳೇಗಾಲದವರೆಗೆ ಹೋಗಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆಂದು ಕೇಳಿ, ಮರಳಿ ಬಸ್ಸು ಹಿಡಿಯುವ ಕಷ್ಟ ಅಷ್ಟರಮಟ್ಟಿಗೆ ತಗ್ಗಿತು.

ಬೆಳಗಿನ ಹೊತ್ತು ಪಂಚಾಯಿತಿ ಕಚೇರಿಯ ಮುಂದೆ ನಿಂತರೆ ಊರಿನ ಬದುಕೆಲ್ಲ ಕಣ್ಣೆದುರು ಹಾಯುತ್ತದೆ. ಗೋಡೆಯ ಮೇಲೆ ಉದ್ಯೋಗ ಖಾತರಿಯ ಬರಹ, ಶೌಚಾಲಯದ ಬರಹ, ಸಹಾಯವಾಣಿಯ ನಂಬರು, ಎಲ್ಲವೂ ಅಚ್ಚ ಕನ್ನಡದಲ್ಲಿ. ಮೆಟ್ಟಿಲ ಮೇಲೆ ಕೂತವರ ಮಾತು ತಮಿಳು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದಗಳನ್ನು ಸೆರಗಿನಡಿ ಹಿಡಿದುಕೊಂಡ ಅಜ್ಜಿಯೊಬ್ಬಳು ಒಳಗೆ ಬರುತ್ತಾಳೆ.

‘ಸಾರ್, ಪೆನ್ಷನ್ ಇನ್ನುಂ ವರಲೆ.’

ಕಂಪ್ಯೂಟರಿನ ಹಿಂದಿರುವ ಹುಡುಗ ತಲೆಯೆತ್ತುತ್ತಾನೆ. ‘ಪಾಟಿ, ನಿನ್ ಆಧಾರ್ ಬ್ಯಾಂಕ್ಗೆ ಸೇರಿಲ್ಲ ಕಣವ್ವ. ಬ್ಯಾಂಕ್‌ಗೋಗಿ ಒಂದ್ಸಲ ಹೆಬ್ಬೆಟ್ಟು ಕೊಟ್ಬುಟ್ ಬಾ.’

‘ಎಪ್ಪೋ?’

‘ನಾಳೈಕ್ಕಿ. ಕಾಲೈಲೆ ಬಸ್ಸಿಗೆ ಪೋ.’

ಒಂದು ಸಾಲಿನಲ್ಲಿ ಎರಡು ಭಾಷೆ ಸೇರಿಕೊಂಡು ಕೆಲಸ ಮುಗಿಸುತ್ತವೆ. ಇಂಥ ಕಡೆ ಹುದ್ದೆಗೆ ಬಂದವರು ಮೊದಲು ಕಲಿಯಬೇಕಾದದ್ದು ಈ ಬೆರಕೆ ಮಾತು. ಕಲಿತವರನ್ನು ಊರು ತನ್ನವರೆಂದು ಒಪ್ಪಿಕೊಳ್ಳುತ್ತದೆ; ಕಲಿಯದವರು ವರ್ಗಾವಣೆಯ ದಿನ ಎಣಿಸುತ್ತಾರೆ. ಅಜ್ಜಿ ಹೊರಗೆ ಬಂದು, ಶಾಲೆಗೆ ಹೊರಟಿದ್ದ ಮೊಮ್ಮಗಳನ್ನು ಕರೆದು ಕಾಗದ ತೋರಿಸುತ್ತಾಳೆ. ಹುಡುಗಿ ಕನ್ನಡದಲ್ಲಿ ಬೆರಳಿಟ್ಟು ಓದಿ, ತಮಿಳಿನಲ್ಲಿ ಹೇಳುತ್ತಾಳೆ: ಇಲ್ಲಿ ನಿನ್ನ ಹೆಸರಿದೆ, ಇಲ್ಲಿ ಹುಟ್ಟಿದ ವರ್ಷ ತಪ್ಪಿದೆ, ಇಲ್ಲಿ ರುಜು ಬೇಕು. ಸರ್ಕಾರಿ ಶಾಲೆಯ ಬೆಂಚಿನಲ್ಲಿ ಕೂತು ಕನ್ನಡ ಕಲಿತ ಇಂಥ ಮಕ್ಕಳೇ ಗಡಿ ಊರುಗಳಲ್ಲಿ ಮನೆಗೂ ಕಚೇರಿಗೂ ನಡುವೆ ನಿಂತವರು. ಗಡಿನಾಡಲ್ಲಿ ಕನ್ನಡ ಉಳಿಸಬೇಕೆಂದು ವರ್ಷಕ್ಕೊಮ್ಮೆ ಭಾಷಣ ಮಾಡುವವರು ಒಂದು ದಿನ ಇಲ್ಲಿ ಕೂತು ನೋಡಬೇಕು. ಇಲ್ಲಿ ಕನ್ನಡ ಉಳಿದಿರುವುದು ಅಜ್ಜಿಗೆ ಪೆನ್ಷನ್ ಕಾಗದ ಓದಿ ಹೇಳುವ ಎಂಟನೇ ತರಗತಿಯ ಹುಡುಗಿಯಿಂದ, ಅವಳಿಗೆ ಅಕ್ಷರ ತಿದ್ದಿಸಿದ, ದೂರದ ಊರಿನಿಂದ ಬಂದ ಮೇಷ್ಟರಿಂದ.

ಕರ್ನಾಟಕದಲ್ಲಿ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ. ಸ್ಥಾನಗಳಲ್ಲಿ ಅರ್ಧ ಹೆಂಗಸರಿಗೆ. 400 ಜನವೆಂದರೆ ಸಣ್ಣ ಊರಿನಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿ ನಂಟರೇ. ಮಾವನ ಮಗನಿಗೆ ಮನೆ ಮಂಜೂರು ಮಾಡಿಸಿದರೆ ಅಕ್ಕನ ಮಗ ಮಾತು ಬಿಡುತ್ತಾನೆ. ಸದಸ್ಯೆಯ ಮನೆಯ ನಲ್ಲಿಯಲ್ಲಿ ನೀರು ಬಂದು ಎದುರು ಮನೆಗೆ ಬರದಿದ್ದರೆ ಬೆಳಗಿನ ಆರಕ್ಕೇ ಬಾಗಿಲಲ್ಲಿ ಕೊಡದ ಸದ್ದು. ಬೆಂಗಳೂರಿನ ಶಾಸಕರನ್ನು ನೋಡಲು ಚೀಟಿ ಕಳಿಸಬೇಕು. ಇಲ್ಲಿಯ ಸದಸ್ಯೆಯನ್ನು ಸೌದೆ ತರುವ ದಾರಿಯಲ್ಲೇ ನಿಲ್ಲಿಸಿ ಕೇಳಬಹುದು. ಈ ಹತ್ತಿರ ಎಷ್ಟು ಕಷ್ಟವೋ ಅಷ್ಟೇ ದೊಡ್ಡ ವರವೆಂದು ನನಗನ್ನಿಸುತ್ತದೆ.

ಆದರೆ ಪಂಚಾಯಿತಿಗೆ ತನ್ನ ಕೈಯಲ್ಲಿ ಇಲ್ಲದ್ದು ಬಹಳ. ಊರಿನ ಸುತ್ತಲಿನದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಕಾಡು. ಆ ಧಾಮದಲ್ಲಿ ಗೋಪಿನಾಥಂ ಹೆಸರಿನದೇ ಒಂದು ವಲಯವಿದೆ. ಬೀದಿ ದೀಪದ ಕಂಬ ಊರ ಎಲ್ಲೆಯವರೆಗೆ ಪಂಚಾಯಿತಿಯ ಮಾತು; ಎಲ್ಲೆ ದಾಟಿದರೆ ಅರಣ್ಯ ಇಲಾಖೆಯ ಮಾತು. ರಸ್ತೆಗೆ ಡಾಂಬರು, ಕಾಡಿನೊಳಗೆ ಹಾಯುವ ನೀರಿನ ಪೈಪು, ಮೊಬೈಲ್ ಟವರಿಗೆ ಜಾಗ, ಎಲ್ಲಕ್ಕೂ ಆ ಕಡೆಯಿಂದ ಒಪ್ಪಿಗೆ ಬರಬೇಕು. ಇಲಾಖೆಯ ಮಾತಿನಲ್ಲೂ ನ್ಯಾಯವಿದೆ. ಈ ಕಾಡು ಆನೆಗಳ ಹಾದಿ, ಕಾವೇರಿಯ ಮೈಗಾವಲು. ಹೊಲಕ್ಕೆ ನುಗ್ಗಿದ ಆನೆ ಒಂದು ರಾತ್ರಿಯಲ್ಲಿ ಆರು ತಿಂಗಳ ದುಡಿಮೆ ತುಳಿದು ಹೋಗುತ್ತದೆ ಎಂಬುದೂ ಅಷ್ಟೇ ನಿಜ. ರಾಗಿ ಕಾಳುಕಟ್ಟುವ ಕಾಲಕ್ಕೆ ಮರದ ಮೇಲಿನ ಅಟ್ಟಣೆಯಲ್ಲಿ ಗಂಡಸರು ರಾತ್ರಿ ಕಳೆಯುತ್ತಾರೆ: ತಗಡು ಬಡಿಯುವುದು, ಟಾರ್ಚು ಬಿಡುವುದು, ಕೂಗು ಹಾಕುವುದು. ಬೆಳಿಗ್ಗೆ ತುಳಿದ ಹೊಲದ ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ. ಅರ್ಜಿಗೆ ಪಹಣಿ ಬೇಕು. ಅಜ್ಜನ ಕಾಲದಿಂದ ಉಳುತ್ತಿದ್ದರೂ ಪಹಣಿ ಇಲ್ಲದವನ ಹೊಲವನ್ನು ಆನೆ ತುಳಿಯುತ್ತದೆ, ಕಾಗದದಲ್ಲಿ ಮಾತ್ರ ಅದು ನಷ್ಟವೆಂದು ದಾಖಲಾಗುವುದಿಲ್ಲ.

ಮೇಕೆ, ದನ ಮೇಯಿಸುವುದೂ ಹಾಗೆಯೇ ಬಿಕ್ಕಟ್ಟಿನ ಮಾತಾಗಿದೆ. 2025ರ ಜೂನ್ 26ರಂದು ಇದೇ ಬೆಟ್ಟಗಳ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ವಿಷ ತಿಂದು ಸತ್ತು ಬಿದ್ದವು. ನಾಡೆಲ್ಲ ಮರುಗಿದ ಆ ಸಾವಿನ ಬೆನ್ನಿಗೇ ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ತಡೆಯಬೇಕೆಂಬ ಮಾತು ಸರ್ಕಾರದ ಕಡೆಯಿಂದ ಬಂತು. ಹುಲಿಗೆ ವಿಷವಿಟ್ಟದ್ದು ಕ್ಷಮಿಸುವಂಥದ್ದಲ್ಲ. ಆದರೆ ನಾಲ್ಕು ಮೇಕೆಯೇ ಬ್ಯಾಂಕು, ನಾಲ್ಕು ಮೇಕೆಯೇ ಮಗಳ ಮದುವೆ ಎಂದು ಬದುಕುವ ಮನೆಗಳಲ್ಲಿ ಆ ವಾರ ಒಲೆ ಮುಂದೆ ನಡೆದ ಮಾತುಕತೆ ಯಾವ ಆದೇಶದಲ್ಲೂ ಕಾಣಿಸದು. ಮಲೆ ಮಹದೇಶ್ವರ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವಕ್ಕೂ ಸುತ್ತಣ ಹಳ್ಳಿಗಳು ಹೆದರುವುದು ಇದೇ ಕಾರಣಕ್ಕೆ.

ಈ ಊರಿನ ಹೆಸರು ಕೇಳಿದೊಡನೆ ಹೊರಗಿನವರ ಬಾಯಲ್ಲಿ ಬರುವ ಇನ್ನೊಂದು ಹೆಸರು ಕಾಡುಗಳ್ಳ ವೀರಪ್ಪನ್. ಅವನು ಹುಟ್ಟಿದ್ದು ಇಲ್ಲಿ, ಸತ್ತದ್ದು 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪರಪಟ್ಟಿ ಬಳಿ. ಅದರ ನಡುವಿನ ಕಥೆಯನ್ನು ಸಿನಿಮಾಗಳೂ ಪುಸ್ತಕಗಳೂ ಸಾಕುಸಾಕೆನ್ನುವಷ್ಟು ಹೇಳಿವೆ. ನನಗೆ ಬೇಕಾದದ್ದು ಆ ವರ್ಷಗಳಲ್ಲಿ ಇಲ್ಲಿ ಸರ್ಕಾರ ಯಾವ ವೇಷದಲ್ಲಿ ಬಂತು ಎನ್ನುವುದು. ಕರ್ನಾಟಕದ ಪಂಚಾಯತ್ ರಾಜ್ ಕಾನೂನು ಬಂದದ್ದು 1993ರಲ್ಲಿ. ಹಳ್ಳಿಯವರು ತಮ್ಮ ಆಡಳಿತ ತಾವೇ ನಡೆಸಲಿ ಎಂದು ವಿಧಾನಸೌಧ ಬರೆದ ಅದೇ ವರ್ಷ, ಏಪ್ರಿಲ್ 9ರಂದು, ಪಾಲಾರ್ ಬಳಿ ಅವನ ಕಡೆಯವರು ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಆಮೇಲೆ ಅವನನ್ನು ಹಿಡಿಯಲು ಹೊರಟ ಪೊಲೀಸ್ ಕಾರ್ಯಪಡೆಗಳ ಬಿಗಿ ಈ ಕಾಡಿನಲ್ಲಿ ಹೆಚ್ಚಿತು. ಗೋಪಿನಾಥಂ ಮತ್ತು ಸುತ್ತಲಿನ ಹಳ್ಳಿಗಳಿಗೆ ಸರ್ಕಾರವೆಂದರೆ ಜೀಪು, ಬೂಟು, ವಿಚಾರಣೆ ಎಂದಾಯಿತು. ಒಂದು ಸೇರು ಅಕ್ಕಿ ಹೆಚ್ಚಿಗೆ ಕೊಂಡರೂ ಯಾರಿಗೆಂದು ಕೇಳುವ ಕಾಲ. ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಶಿಫಾರಸು ಮಾಡಿತು. ಆ ಎಣಿಕೆಯೊಳಗೆ ಬಾರದೆ ಉಳಿದ ನೋವು ಎರಡೂ ರಾಜ್ಯಗಳ ಗಡಿಹಳ್ಳಿಗಳಲ್ಲಿ ಹಂಚಿಹೋಗಿದೆ. ಕಚೇರಿಯ ಬಾಗಿಲಲ್ಲಿ ಐವತ್ತು ದಾಟಿದವರು ಇಂದಿಗೂ ಅರೆಮನಸ್ಸಿನಿಂದ ನಿಲ್ಲುವುದನ್ನು ಕಂಡರೆ ಕಾರಣ ಕೇಳಬೇಕಾಗಿಲ್ಲ.

ಆ ಕಾಲದಲ್ಲೇ ಈ ಊರು ಇನ್ನೊಂದು ಬಗೆಯ ಸರ್ಕಾರವನ್ನೂ ಕಂಡಿತು. ಪಂದಿಳ್ಳಪಲ್ಲಿ ಶ್ರೀನಿವಾಸ್ ರಾಜಮಹೇಂದ್ರಿಯಲ್ಲಿ 1954ರಲ್ಲಿ ಹುಟ್ಟಿದವರು, ಭಾರತೀಯ ಅರಣ್ಯ ಸೇವೆಯ ಅಧಿಕಾರಿ. ಕೈಯಲ್ಲಿ ಬಂದೂಕು ಹಿಡಿದು ಬಂದಿದ್ದರೆ ಅವರೂ ಉಳಿದವರಂತೆ ಒಬ್ಬರಾಗುತ್ತಿದ್ದರು. ಅವರು ಔಷಧಿ ಹಿಡಿದು ಬಂದರು. ಸುತ್ತಲಿನ ಹಳ್ಳಿಗಳಿಗೆ ಸಂಚಾರಿ ಚಿಕಿತ್ಸೆಯ ವ್ಯವಸ್ಥೆ ಮಾಡಿದರು, ಜನರ ಜೊತೆ ಕೂತು ಮಾತಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ವೀರಪ್ಪನ್ ಜೊತೆ ಹೋದವರ ಮನೆಮಂದಿಯ ಮೂಲಕ ಒಬ್ಬೊಬ್ಬರನ್ನೇ ಶರಣಾಗತಿಗೆ ಒಪ್ಪಿಸಿದರು. ಅವನೂ ಶರಣಾಗುತ್ತಾನೆಂದು ನಂಬಿ 1991ರ ನವೆಂಬರ್ 10ರಂದು ಬರಿಗೈಯಲ್ಲಿ ಕಾಡಿಗೆ ಹೋದವರನ್ನು ಅವನು ಕೊಂದ. ಶ್ರೀನಿವಾಸ್‌ಗೆ ಆಗ 37 ವರ್ಷ. ಮರುವರ್ಷ ದೇಶ ಕೀರ್ತಿ ಚಕ್ರ ಕೊಟ್ಟಿತು. ಊರು ತನಗೆ ತಿಳಿದ ಗೌರವ ಕೊಟ್ಟಿತು: ಮಾರಿಯಮ್ಮನ ಗುಡಿಯಲ್ಲಿ ಅವರ ಪಟ ಇದೆ, ಅದಕ್ಕೂ ಹೂವು ಏರುತ್ತದೆ.

ಇದರ ಮೇಲೆ ನನ್ನ ಮನಸ್ಸು ಬಹಳ ಹೊತ್ತು ನಿಲ್ಲುತ್ತದೆ. ಅರಣ್ಯ ಕಾಯುವ ಅಧಿಕಾರಿ ಮಾಡಿದ್ದೆಲ್ಲ ಒಂದು ಒಳ್ಳೆಯ ಪಂಚಾಯಿತಿ ಮಾಡಬೇಕಾದ ಕೆಲಸ: ಮದ್ದು, ಗುಡಿಯ ಹಬ್ಬ, ಮನೆಮನೆಯ ಕಷ್ಟ ವಿಚಾರಿಸುವುದು. ಊರ ಜನ ಸರ್ಕಾರವನ್ನು ದ್ವೇಷಿಸಿದವರು ಎಂದು ಹೊರಗೆ ಹೇಳುವವರು ಆ ಪಟವನ್ನು ನೋಡಿಲ್ಲ. ತಮ್ಮ ಬಾಗಿಲಿಗೆ ಬಂದು ಏನಾಯಿತು ಎಂದು ಕೇಳಿದ ಸರ್ಕಾರವನ್ನು ಅವರು ದೇವರ ಪಕ್ಕದಲ್ಲಿ ಕೂರಿಸಿದ್ದಾರೆ.

ಅರಣ್ಯ ಇಲಾಖೆಯಲ್ಲಿ ಆ ಹಾದಿ ಪೂರ್ತಿ ಮುಚ್ಚಿಹೋಗಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡುಹಳ್ಳಿಗಳಲ್ಲಿ ಬಸ್ಸು ಹೋಗದ ಕಡೆ ಶಾಲೆಯ ಮಕ್ಕಳನ್ನು ಕರೆದೊಯ್ಯಲು ಇಲಾಖೆಯೇ ಜನ–ವನ ಸಾರಿಗೆ ಎಂದು ಜೀಪುಗಳನ್ನು ಓಡಿಸಿತು. ಆನೆ ದಾಟುವ ದಾರಿಯಲ್ಲಿ ಪುಸ್ತಕದ ಚೀಲ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಮಕ್ಕಳು ಹಸಿರು ಬಣ್ಣದ ಇಲಾಖೆಯ ಗಾಡಿಗೆ ಓಡಿ ಬಂದು ಹತ್ತುವುದು ನೋಡಬೇಕಾದ ನೋಟ. ಗೋಪಿನಾಥಂನಲ್ಲೂ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಬಂತು, ಸಫಾರಿ ಬಂತು. ಕೆಲವರಿಗೆ ಅಲ್ಲಿ ಕೆಲಸ ಸಿಕ್ಕಿದೆ. ಹಿಂದೆ ಹೊರಗಿನವರು ಹೆದರಿ ಬರದಿದ್ದ ದಾರಿಯಲ್ಲಿ ಈಗ ರಜಾದಿನಗಳಲ್ಲಿ ಕಾರು ಸಾಲುಗಟ್ಟುತ್ತವೆ.

ಸಾಲುಗಟ್ಟುವ ಕಾರುಗಳಲ್ಲಿ ಹೆಚ್ಚಿನವು ಮುಂದಕ್ಕೆ, ಹೊಗೇನಕಲ್ಲಿಗೆ. ಅಲ್ಲಿ ಕಾವೇರಿಯೇ ಗಡಿ. ಈ ದಡದ ತೆಪ್ಪದವರು ಕರ್ನಾಟಕದವರು, ಆ ದಡದವರು ತಮಿಳುನಾಡಿನವರು; ನೀರು, ಬಂಡೆ, ಹೊಗೆಯಂತೆ ಏಳುವ ಹನಿ ಇಬ್ಬರಿಗೂ ಒಂದೇ. ತೆಪ್ಪದವನಿಗೆ ಬೆಳಗಿನ ಮೊದಲ ಸುದ್ದಿ ಕಬಿನಿಯಿಂದ ಎಷ್ಟು ಬಿಟ್ಟರು, ಕನ್ನಂಬಾಡಿಯಿಂದ ಎಷ್ಟು ಬಿಟ್ಟರು ಎನ್ನುವುದು. ಹೊರಹರಿವು ಹೆಚ್ಚಿದರೆ ತೆಪ್ಪ ಇಳಿಸಬಾರದೆಂದು ಆದೇಶ ಬರುತ್ತದೆ, ಅಂದಿನ ಕೂಲಿ ಹೋಗುತ್ತದೆ. ಮೀನು ಹುರಿದು ಮಾರುವ ಹೆಂಗಸರ ಒಲೆಯೂ ಅಂದು ಆರುತ್ತದೆ. ಇನ್ನೂ ಸ್ವಲ್ಪ ಮೇಲೆ ಬಿಳಿಗುಂಡ್ಲು ಇದೆ. ತಮಿಳುನಾಡಿಗೆ ಹರಿಯುವ ಕಾವೇರಿ ನೀರನ್ನು ಕೇಂದ್ರ ಜಲ ಆಯೋಗ ಅಳೆಯುವುದು ಅಲ್ಲಿಯೇ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ವರ್ಷಕ್ಕೆ 177.25 ಟಿಎಂಸಿ ಎಂದು ಬರೆದ ಲೆಕ್ಕ ಆ ಜಾಗದ ಲೆಕ್ಕ. ಎರಡು ರಾಜ್ಯಗಳ ನೀರನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆಯುವ ಜಾಗದ ಸುತ್ತಲಿನ ಹಳ್ಳಿಗಳಲ್ಲಿ ಬೇಸಗೆ ಬಂದರೆ ಕೊಡಪಾನಗಳು ಸಾಲು ನಿಲ್ಲುತ್ತವೆ.

ಕಾವೇರಿಯ ಹೆಸರಲ್ಲಿ ಮೈಸೂರು, ಬೆಂಗಳೂರು, ಚೆನ್ನೈನಲ್ಲಿ ಕೂಗು ಎದ್ದಾಗಲೆಲ್ಲ ಗೋಪಿನಾಥಂನ ಬಸ್ಸಿಗೆ ತೊಂದರೆ. ತಮಿಳು ಮಾತಾಡುವ ಕರ್ನಾಟಕದವರು ಯಾವ ಕಡೆ ನಿಲ್ಲಬೇಕು? 2023ರ ಫೆಬ್ರುವರಿಯಲ್ಲಿ ಪಾಲಾರ್ ಪಕ್ಕದ ಕಾಡಿನಲ್ಲಿ ಗುಂಡು ಹಾರಿ, ಆಚೆ ಊರಿನ ಒಬ್ಬನ ಹೆಣ ನೀರಿನಲ್ಲಿ ಸಿಕ್ಕಾಗಲೂ ಗಡಿಯ ಬಸ್ಸು ನಿಂತಿತ್ತು. ಆಚೆ ಮಗಳನ್ನು ಕೊಟ್ಟವರು, ಈಚೆಗೆ ಸೊಸೆ ತಂದವರು ಆ ದಿನಗಳಲ್ಲಿ ಫೋನಿನಲ್ಲೇ ಮಾತಾಡಿಕೊಂಡರು.

ಇದೇ ಬೆಟ್ಟದ ಮೇಲೆ ಇಂಡಿಗನತ್ತ ಎಂಬ ಊರಿದೆ. ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ, ಕಾಯಿಲೆ ಬಿದ್ದವರನ್ನು ಡೋಲಿ ಕಟ್ಟಿ ಹೊತ್ತು ತರಬೇಕು ಎಂದು ಅಲ್ಲಿಯವರು ಮತದಾನ ಬೇಡವೆಂದಿದ್ದರು. 2024ರ ಏಪ್ರಿಲ್ 26ರಂದು ಮತ ಹಾಕಿಸುವ ಒತ್ತಾಯದ ನಡುವೆ ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು. ಮೂರು ದಿನ ಬಿಟ್ಟು ಮರುಮತದಾನ. ಕೇಸು, ಬಂಧನ. ಯಂತ್ರ ಒಡೆದದ್ದು ತಪ್ಪು. ಆ ತಪ್ಪಿಗಿಂತ ಮೊದಲೇ ಎಷ್ಟು ಅರ್ಜಿಗಳು ಬೆಟ್ಟ ಇಳಿದು ಹೋಗಿದ್ದವು ಎಂಬುದನ್ನೂ ಕೇಸಿನ ಹಾಳೆಯಲ್ಲಿ ಬರೆಯಬೇಕಿತ್ತು. ಹೆಚ್ಚುಕಮ್ಮಿ ಒಂದು ವರ್ಷಕ್ಕೆ, 2025ರ ಏಪ್ರಿಲ್ 24ರಂದು, ರಾಜ್ಯದ ಸಚಿವ ಸಂಪುಟವೇ ಮಲೆ ಮಹದೇಶ್ವರ ಬೆಟ್ಟಕ್ಕೆ ಬಂದು ಸಭೆ ನಡೆಸಿತು. ಮಂತ್ರಿಗಳು ಒಂದು ದಿನಕ್ಕೆ ಬಂದದ್ದು ಒಳ್ಳೆಯದೇ. ದಿನವೂ ಬರಬೇಕಾದವರು ಲೈನ್‌ಮನ್, ನರ್ಸಮ್ಮ, ಬಸ್ಸಿನ ಡ್ರೈವರ್, ಪಿಡಿಒ.

ಈ ಎಲ್ಲದರ ನಡುವೆ ಗೋಪಿನಾಥಂನಂಥ ಊರಿನ ಕೈಯಲ್ಲಿ ನಿಜವಾದ ಬಲವಿರುವ ಒಂದು ಜಾಗವಿದೆ, ಅದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಈ ಸಭೆ ಎಷ್ಟೋ ಕಡೆ ನೋಟಿಸಿನ ಶಾಸ್ತ್ರಕ್ಕೆ ಮುಗಿಯುತ್ತದೆ. ಕಾಡಂಚಿನ ಊರಿಗೆ ಹಾಗಾಗಬಾರದು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಶಾಲೆ, ಆಸ್ಪತ್ರೆ, ಅಂಗನವಾಡಿ, ರೇಷನ್ ಅಂಗಡಿ, ಕುಡಿಯುವ ನೀರಿನ ಪೈಪು, ಕರೆಂಟು ತಂತಿ, ರಸ್ತೆ ಮುಂತಾದ 13 ಬಗೆಯ ಸೌಲಭ್ಯಗಳಿಗೆ ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡಿನ ಜಾಗ ಕೊಡಲು ಅವಕಾಶವಿದೆ. ಅದಕ್ಕೆ ಮೊದಲು ಬೇಕಾದದ್ದು ಗ್ರಾಮಸಭೆಯ ಶಿಫಾರಸು. ಅದಿಲ್ಲದೆ ಕಡತ ಏಳುವುದೇ ಇಲ್ಲ. ಸಭೆಯಲ್ಲಿ ಸಂಜೆ ಬಸ್ಸು ಬೇಕು ಎಂದು ಕೂಗುವ ಹೆಂಗಸರು ಅದೇ ದಿನ ಪೈಪಿನ ಠರಾವೂ ಬರೆಸಿಕೊಂಡು ಹೋಗಬೇಕು.

ಭೂಮಿಯ ಹಕ್ಕಿನ ಮಾತು ಇನ್ನೂ ಕಷ್ಟದ್ದು. ಬುಡಕಟ್ಟಿನವರಲ್ಲದ ಕಾಡಂಚಿನ ಕುಟುಂಬಗಳು ಆ ಕಾಯ್ದೆಯಲ್ಲಿ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ಬಾಳಿದ್ದಕ್ಕೆ ಪುರಾವೆ ಕೊಡಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. 1930ರಲ್ಲಿ ಈ ನೆಲ ಕೊಯಮತ್ತೂರು ಜಿಲ್ಲೆ. ಕಾಗದ ಇದ್ದರೆ ಮದರಾಸಿನ ಆಡಳಿತದ ಕಾಗದ, ಬಹಳ ಮಂದಿಗೆ ಅದೂ ಇಲ್ಲ. ಆದರೆ ನಿಯಮಗಳಲ್ಲಿ ಒಂದು ದಾರಿ ಬಿಟ್ಟಿದ್ದಾರೆ: ಹಕ್ಕು ಕೇಳುವವರನ್ನು ಬಿಟ್ಟು ಊರಿನ ಬೇರೆ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆ. ಹಳೆಯ ಬಾವಿ, ಮಸಣ, ದೇವರ ಕಲ್ಲು, ಮನೆಯ ಅಡಿಪಾಯ ಅವೂ ಪುರಾವೆ.

ಅದಕ್ಕೆ ಬೇಕಾದದ್ದು ಒಂದು ರಿಜಿಸ್ಟರು, ತಮಿಳು ಕೇಳಿ ಕನ್ನಡದಲ್ಲಿ ಬರೆಯಬಲ್ಲ ಒಬ್ಬ ನೌಕರ, ಹಿರಿಯರನ್ನು ಕೂರಿಸಿಕೊಂಡು ಮಾತಾಡಿಸುವಷ್ಟು ಹೊತ್ತು. ಅವರು ತಮಿಳಿನಲ್ಲಿ ಹೇಳಲಿ. ಬರೆದದ್ದನ್ನು ಅವರಿಗೇ ತಮಿಳಿನಲ್ಲಿ ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ತೆಗೆದುಕೊಳ್ಳಲಿ. ಅಜ್ಜಿಯ ಪೆನ್ಷನ್ ಕಾಗದ ಓದುವ ಹುಡುಗಿಯ ವಯಸ್ಸಿನ ಮಕ್ಕಳು ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು. 1930ರ ಕಾಲದ ಸಂಗತಿಯನ್ನು ತಂದೆ ತಾಯಿಯ ಬಾಯಿಂದ ಕೇಳಿದವರು ಊರೂರಿನಲ್ಲೂ ಕೆಲವರೇ ಉಳಿದಿದ್ದಾರೆ. ಮುಂದಿನ ಗ್ರಾಮಸಭೆಯ ನೋಟಿಸಿನಲ್ಲಿ ಮೊದಲ ವಿಷಯ ಇದೇ ಆಗಲಿ.